ನಲವತ್ತಕ್ಕ ಕಲಿತ ಸೈಕಲ್ಲು

ಉಣಕಲ್, ಹುಬ್ಬಳ್ಳಿ
೧೭ ನವೆಂಬರ್ ೨೦೦೨

ಪ್ರೀತಿಯ ಮದೀನಾ,

ನಿನ್ನ ಎರಡು ಪತ್ರ ಬಂದು ಕುಂತಾವ, ನಾ ಒಂದಕ್ಕೂ ಉತ್ತರ ಬರದಿಲ್ಲ. ಸಿಟ್ಟಿಗೇಳಬ್ಯಾಡ. ಬರೀಬೇಕಂದ್ರ ಬಲಗೈ ಮಣಿಕಟ್ಟು ಬಾತಿತ್ತು. ಯಾಕ ಬಾತಿತ್ತು ಅಂತ ಹೇಳಿದ್ರ ನೀ ನಗತಿ. ನಗು, ಇಲ್ಲೆ ಎಲ್ಲಾರೂ ನಗಾಕತ್ತಾರ, ನಿನ್ನದೊಂದು ಹೆಚ್ಚಿಗಿ ಆಗಂಗಿಲ್ಲ. ನಾ ಸೈಕಲ್ ಕಲಿಯಾಕತ್ತೇನಿ.

ಹೌದವಾ, ನಾನ. ಉಪ್ಪಿನಬೆಟಗೇರ್ಯಾಗ ನೀ ನಿಮ್ಮಪ್ಪನ ಸೈಕಲ್ಲಿನ ನಡುವ ಕಾಲು ತೂರಿಸಿ ಓಣಿ ತುಂಬ ಹೊಡಿಯುವಾಗ ಹಿಂದಿಂದ ಧೂಳಾ ಕುಡಕೋತ ಓಡತಿದ್ದ ಅದ ದಾಕ್ಷಿ. ನಮ್ಮಪ್ಪ ಹುಡುಗ್ಯಾರಿಗೆ ಸೈಕಲ್ ಬ್ಯಾಡ ಅಂದಿದ್ದ, ಅಲ್ಲಿಗೆ ಮುಗಿದಿತ್ತು. ಈಗ ನಲವತ್ತು ತುಂಬಿದ ಮ್ಯಾಲ ಶುರು ಮಾಡೇನಿ.

ಕಾರಣ ನನ್ನ ಮಗಳು ನೀಲಾನ ಸಾಲಿ. ಕಿವಿ ಕೇಳದ ಮಕ್ಕಳ ಸಾಲಿ, ನಿನಗ ಗೊತ್ತ ಐತಿ. ದೂರದ ಹಳ್ಳಿ ಮಕ್ಕಳು ಅಲ್ಲೇ ಉಳೀತಾರ. ಮಳಿಗಾಲದಾಗ ಆ ಖೋಲಿ ಎಷ್ಟು ಸೋರತಾವಂದ್ರ ಮಕ್ಕಳು ಹಾಸಿಗಿ ಸುತ್ತಿ ತೊಡಿ ಮ್ಯಾಲ ಇಟಗೊಂಡು ಗ್ವಾಡಿಗೆ ಆನಿಕೊಂಡು ಕುಂತು ಬೆಳಗ ಮಾಡತಾರ. ಹೊಸಾ ಖೋಲಿ ಕಟ್ಟಸಾಕ ಪಾಲಕರ ಕಮಿಟಿಯವರು ಜನವರಿ ಇಪ್ಪತ್ತಾರಕ್ಕ ಹುಬ್ಬಳ್ಳಿಯಿಂದ ಧಾರವಾಡಕ್ಕ ಸೈಕಲ್ ಜಾಥಾ ಇಟ್ಟಾರ. ಯಾರ್ಯಾರು ಧಾರವಾಡ ಮುಟ್ಟತಾರ, ಅವರವರ ಹೆಸರಿಲೆ ಪ್ಯಾಟಿ ವ್ಯಾಪಾರಸ್ತರು ದೇಣಗಿ ಕೊಡತಾರ. ಕಮಿಟಿ ಅಧ್ಯಕ್ಷರು ಶಾಂತಯ್ಯನವರು ಅಂತ, ರಿಟಾಯರ್ ಆದ ಹೆಡ್‌ಮಾಸ್ತರು. ಮೀಟಿಂಗಿನ್ಯಾಗ ಅವರು "ತಾಯಂದಿರು ಯಾರರ ಬರತೀರೇನವಾ?" ಅಂತ ಕೇಳಿದ್ರು. ಎಲ್ಲಾರೂ ಸೆರಗು ನೋಡಕೋತ ಕುಂತ್ರು. ನನ್ನ ಕೈ ಮ್ಯಾಲ ಹೋತು. ಹ್ಯಾಂಗ ಹೋತೋ ನನಗ ಗೊತ್ತಿಲ್ಲ.

ಮನಿಗೆ ಬಂದು ಹೇಳಿದ್ರ ಇವರು ರೊಟ್ಟಿ ಕೈಯಾಗ ಹಿಡದು ನಕ್ಕ ನಕ್ರು. "ನಿನಗ ಸೈಕಲ್ ಎಲ್ಲೆ ಬರತೈತಿ?"

"ಕಲೀತೇನ್ರಿ."

"ಅಂಗಡಿ ಹೆಸರಿಲೆ ದೇಣಗಿ ಕೊಟ್ಟು ಬಿಡೂಣು ತಗೋ. ಕೈಕಾಲು ಮುರಕೊಂಡು ಕುಂಡ್ರಬ್ಯಾಡ."

ಅತ್ತಿಯವರು ಅಂತೂ ನನ್ನ ಚೂಡಿದಾರ ನೋಡಿ ಮಾತು ಬಿಟ್ಟಾರ. "ಈ ಮನಿ ಸೊಸಿ ಪ್ಯಾಂಟು ತೊಟ್ಟು ಪಿ.ಬಿ. ರೋಡಿಗೆ ಇಳದ್ಲು" ಅಂತ ದೇವರ ಖೋಲ್ಯಾಗ ಕುಂತು ವಿಭೂತಿ ಗಟ್ಟಿಗೆ ಹೇಳತಾರ, ನನಗಲ್ಲ.

ಕಲಿಸಾಂವ ನನ್ನ ಮೈದುನ ಶಶಿಕಾಂತ. ಕೆರಿ ದಂಡಿ ಮ್ಯಾಲ ಬ್ಯಾಲೆನ್ಸ್ ಲಗೂನ ಬಂತು. ಇಷ್ಟ ಏನು ಅಂತ ಹಿಗ್ಗಿದೆ. ಮರದಿನ ಅಂವ ಅಂದ, "ವೈನಿ, ಇಲ್ಲೆ ಯಾರ ಬೇಕಾದ್ರೂ ಹೊಡೀತಾರ್ರಿ. ಜಾಥಾ ಹೋಗೂದು ಗದ್ದಲದಾಗ. ನಾಳಿಂದ ಚನ್ನಮ್ಮ ಸರ್ಕಲ್‌ಗೆ ಹೋಗಿ ಬರೂಣು."

ಅಲ್ಲಿಂದ ಶುರು ಆತು ನೋಡು ನನ್ನ ಫಜೀತಿ. ಸಿಟಿ ಬಸ್ಸು ನನ್ನ ಮೊಣಕೈ ಸವರಿ ಮುಂದ ಹೋಗಿ, ಸರಿಯಾಗಿ ನನ್ನ ಗಾಲಿ ಮುಂದ ನಿಂದರತೈತಿ. ರಿಕ್ಷಾದವರು ತಿರಗೂ ಮುಂದ ಕೈ ತೋರಸೂದಿಲ್ಲ, ಒಂದು ಕಾಲು ಹೊರಗ ಚಾಚತಾರ, ಮುಗೀತು. ಹೊಸೂರ ಕ್ರಾಸಿನ್ಯಾಗ ಎಮ್ಮಿ ಸುದ್ದಾ ನನಗಿಂತ ಧೈರ್ಯದಿಂದ ರಸ್ತೆ ದಾಟತಾವ. ಟೆಂಪೋದವ ಹಿಂದಿಂದ ಹಾರ್ನ್ ಹೊಡದ ಅಂದ್ರ ನನ್ನ ಎರಡೂ ಕೈ ಬ್ರೇಕ್ ಹಿಡೀತಾವ, ಕಾಲು ನೆಲಾ ಹುಡುಕತಾವ, ನಾ ಬೀಳತೇನಿ. ಶಶಿಕಾಂತ ಆ ಕಡಿಂದ ಒದರತಾನ, "ಹಾರ್ನ್ ಹೊಡದಾಂವಗ ನೀವು ಕಂಡೀರಿ ಅಂತ ಅರ್ಥರಿ ವೈನಿ! ಹೊಡೀಲಾರದವಗ ಅಂಜ್ರಿ!" ಹೇಳೂದು ಸರಳ. ಕಿವಿ ಅವನ ಮಾತು ಕೇಳೂದಿಲ್ಲ, ಹಾರ್ನ್ ಕೇಳತಾವ.

ಮೊನ್ನೆ ವಿದ್ಯಾನಗರದಾಗ ಬಿದ್ದೆ. ಕಾಲೇಜು ಹುಡುಗರು ಎಬ್ಬಿಸಿದ್ರು, ಎಬ್ಬಿಸಿ ನಕ್ರು. ಪೊಲೀಸಪ್ಪ ಬಂದು "ಮನ್ಯಾಗ ಗಂಡಸರಿಲ್ಲೇನವಾ, ನಿನಗ್ಯಾಕ ಬೇಕಿತ್ತು ಇದು?" ಅಂದ. ಅವಗ ಏನರ ಅನ್ನಬೇಕಂತ ಬಾಯಿ ತಗದ್ರ ಅಳು ಬಂತು. ಸಿಟ್ಟಿಗೆ ಬಂದ ಅಳು ಅದು, ಆದ್ರ ನೋಡಿದವರಿಗೆ ಏನು ಗೊತ್ತಾಗತೈತಿ? ಸೈಕಲ್ ನೂಕಿಕೋತ ಮನಿಗೆ ಬಂದು, ಗ್ವಾಡಿಗೆ ಒಗದು, ಇನ್ನ ಮುಟ್ಟೂದಿಲ್ಲ ಅಂದೆ. ಬೆಳಗಾದ ಮ್ಯಾಲ ಮತ್ತ ಮುಟ್ಟಿದೆ.

ಕೈ ನೋಯಾಕತ್ತೈತಿ, ಸಾಕು ಮಾಡತೇನಿ. ಮಕ್ಕಳಿಗೆ ನನ್ನ ಆಶೀರ್ವಾದ. ನಿಮ್ಮನಿಯವರು ಅಹಮದಸಾಬರಿಗೆ ನಮಸ್ಕಾರ ಹೇಳು.

ನಿನ್ನ
ದಾಕ್ಷಿ


ಉಣಕಲ್
೩೦ ಜನವರಿ ೨೦೦೩

ಪ್ರೀತಿಯ ಮದೀನಾ,

ನೀ ಕಳಿಸಿದ ಶೇಂಗಾ ಚಟ್ನಿ ಮುಟ್ಟಿತು, ತಿಂದೂ ಆತು, ತಿಂದೇವಿ ಅಂತ ಬರಿಯೂದು ಮಾತ್ರ ಇವತ್ತಿಗೆ ಆತು. ತಪ್ಪು ತಿಳಕೋಬ್ಯಾಡ. ಜಾಥಾ ಮುಗಿಯೂ ತನಕಾ ನನಗ ಮೈಮ್ಯಾಲ ಖಬರ ಇರಲಿಲ್ಲ.

ಮುಟ್ಟಿದೆ ಮಾರಾಯ್ತಿ. ಧಾರವಾಡ ಮುಟ್ಟಿದೆ. ಎಲ್ಲಾರಕಿಂತ ಹಿಂದ, ಆದ್ರ ಸೈಕಲ್ ಮ್ಯಾಲ.

ಮುಂದ ಶೃಂಗಾರ ಮಾಡಿದ ಟ್ರ್ಯಾಕ್ಟರ್, ಅದರಾಗ ಸಾಲಿ ಮಕ್ಕಳು. ಹಿಂದ ನಾವು. ಎಲ್ಲಾರ ಬೆನ್ನಿಗೂ ಸಾಲಿ ಹೆಸರಿನ ಬಟ್ಟಿ ಕಟ್ಟಿದ್ರು. ಉಣಕಲ್ ತನಕಾ ಪೊಲೀಸರು ದಾರಿ ಬಿಡಿಸಿ ಕೊಟ್ರು, ಆಮ್ಯಾಲ ಅವರು ಎಲ್ಲೆ ಹೋದರೋ. ಭೈರಿದೇವರಕೊಪ್ಪದ ಹತ್ರ ಚೈನ್ ಬಿತ್ತು. ನಾ ಅದನ್ನ ಏರಿಸಿ, ಕೈಯೆಲ್ಲಾ ಕರೇ ಮಾಡಿಕೊಂಡು ಏಳೂದ್ರಾಗ ಜಾಥಾ ಕಣ್ಣಿಗೆ ಕಾಣಲಿಲ್ಲ. ಒಬ್ಬಾಕಿನ ಹೊಂಟೆ.

ನವನಗರದ ಹತ್ರ ಹಿಂದಿಂದ ಒಬ್ಬ ಟೆಂಪೋದವ ಹಾರ್ನ್ ಹೊಡಿಯಾಕ ಹತ್ತಿದ. ನಾ ಎಡಕ್ಕ ಸರಿಯೂಣಂದ್ರ ಜಲ್ಲಿ ಒಟ್ಟಿದ್ರು. ಅಂವ ಬಾಜೂಕ ಬಂದು ತಲಿ ಹೊರಗ ಹಾಕಿ, "ಏ, ಕಿವುಡಿ ಏನು? ಎಷ್ಟು ಹೊತ್ತಾತು ಹೊಡಿಯಾಕತ್ತು!" ಅಂದ.

ಈ ಸಲಾ ನಾ ಬೀಳಲಿಲ್ಲ ಮದೀನಾ. ಸೈಕಲ್ ತಂದು ಅವನ ಟೆಂಪೋ ಮುಂದ ಅಡ್ಡ ನಿಂದರಿಸಿದೆ. "ಇಳಿ ಕೆಳಗ" ಅಂದೆ. "ನನ್ನ ಬೆನ್ನ ಮ್ಯಾಲೆ ಏನು ಬರದೈತಿ ಓದು." ಹಿಂದ ಗಾಡಿ ನಿಂತು ನಿಂತು ಸಾಲು ಹತ್ತಿತು, ಎಲ್ಲಾರೂ ಹಾರ್ನ್ ಹೊಡಿಯಾಕ ಶುರು ಮಾಡಿದ್ರು. ನಾ ಸರೀಲಿಲ್ಲ. ಅಂವ ಓದಿದ. ಓದಿ, ಮಾರಿ ಸಣ್ಣದು ಮಾಡಿಕೊಂಡು, "ತಪ್ಪಾತ್ರಿ ಅಕ್ಕಾರ, ಬಾಯಿಂದ ಬಂತು" ಅಂದ. ಆಮ್ಯಾಲ ಸೈಕಲ್ ಸರಿಸಿ ದಾರಿ ಬಿಟ್ಟೆ.

ಸತ್ತೂರಿನ್ಯಾಗ ಇವರು ಸ್ಕೂಟರ್ ನಿಂದರಿಸಿಕೊಂಡು ನನಗ ಗ್ಲುಕೋಸ್ ನೀರು ಹಿಡಕೊಂಡು ನಿಂತಿದ್ರು. ನಗಲಿಲ್ಲ. "ಕುಡಿ, ಕುಂದರು ಸ್ವಲ್ಪ" ಅಂದ್ರು. ಕುಂತರ ಏಳೂದಿಲ್ಲ ಅಂತ ನಾ ನಿಂತ ಕುಡದೆ. ಧಾರವಾಡದಾಗ ಶಾಂತಯ್ಯನವರು ಮಾಲಿ ಹಾಕಿ "ಮಕ್ಕಳ ಸಲುವಾಗಿ ಈ ವಯಸ್ಸಿನ್ಯಾಗ ಸೈಕಲ್ ಕಲಿತ ತಾಯಿ" ಅಂತ ಮೈಕಿನ್ಯಾಗ ಹೇಳಿದ್ರು. ಮಂದಿ ಚಪ್ಪಾಳಿ ಬಡದ್ರು. ಪೇಪರಿನ್ಯಾಗ ಫೋಟೋ ಬಂದೈತಿ. ಅತ್ತಿಯವರು ಅದನ್ನ ಕತ್ತರಿಸಿ ಇಟಗೊಂಡು ಓಣಿ ಮಂದಿಗೆಲ್ಲಾ ತೋರಿಸ್ಯಾಡತಾರ. "ಓಢಣಿ ಒಂದು ನೆಟ್ಟಗ ಹಾಕ್ಕೋಬೇಕಿತ್ತು" ಅನ್ನತಾರ. ಅಂದ್ರ ಮಾತು ಬಿಟ್ಟದ್ದು ಮುಗೀತು. ಮಳಿಗಾಲಕ್ಕ ಮುಂಚೆ ಖೋಲಿ ಕೆಲಸಾ ಹಿಡೀತಾರಂತ.

ಎಲ್ಲಾ ಛಲೋ ಆತು. ನೀ ಯುಗಾದಿಗೆ ಮಕ್ಕಳನ್ನ ಕರಕೊಂಡು ಬಾ. ದೇವರು ನಿಮ್ಮನ್ನ ತಂಪಾಗಿ ಇಡಲಿ.

ನಿನ್ನ
ದಾಕ್ಷಿ

ತಾ.ಕ.: ಲಕೋಟಿ ಅಂಟಸಾಕ ಹೋಗಿ ಮತ್ತ ಪೆನ್ನು ಹಿಡದೇನಿ. ಎಲ್ಲಾ ಛಲೋ ಆಗಿಲ್ಲ, ಮದೀನಾ.

ನೀಲಾನೂ ಸೈಕಲ್ ಕಲಿತಾಳ. ಕೆರಿ ದಂಡಿ ಮ್ಯಾಲ ನನ್ನ ಕ್ಯಾರಿಯರ್ ಹಿಡದು ಓಡಕೋತ ಓಡಕೋತ, ನಾ ದಣದು ಕುಂತಾಗ ತಾನ ಹತ್ತಿ ಕಲಿತಾಳ. ಆಮ್ಯಾಲ ಕಾಕಾನ ಸಂಗಡ ವಿದ್ಯಾನಗರದ ತನಕಾ ಹೋಗಿ ಬರತಿದ್ಲು. ಹಿಂದ ಏನು ಬಂತಂತ ಹೆಗಲ ಮ್ಯಾಲಿಂದ ನೋಡಿ ನೋಡಿ, ಎಷ್ಟು ಛಂದ ಹೊಡೀತಾಳಂತಿ! ಜಾಥಾಕ್ಕ ನಾನೂ ಬರತೇನಿ ಅಂದ್ಲು. ನಾ ಹೋಗಿ ಶಾಂತಯ್ಯನವರನ್ನ ಕೇಳಿದೆ.

"ಬ್ಯಾಡ ತಂಗಿ," ಅಂದ್ರು. "ಹಿಂದಿಂದ ಲಾರಿ ಬಂದ್ರ ಕೂಸಿಗೆ ಹ್ಯಾಂಗ ಗೊತ್ತಾಗಬೇಕು? ಟ್ರ್ಯಾಕ್ಟರಿನ್ಯಾಗ ಕುಂಡ್ರಲಿ. ನೋಡಿದ ಮಂದಿಗೆ ಅಂತಃಕರಣ ಬರತೈತಿ."

ನಾ ಜಗಳಾಡಿದೆ. ಖರೇನ ಜಗಳಾಡಿದೆ. ಕಡೀಕ ಅವರು "ಆತು, ನೀ ಹಡದಾಕಿ. ನಿನಗ ಧೈರ್ಯ ಐತಿ ಅಂದ್ರ ಹೂಂ ಅನ್ನು, ಬಿಡತೇನಿ" ಅಂದ್ರು. ಆಗ ನನ್ನ ಬಾಯಿಂದ ಹೂಂ ಬರಲಿಲ್ಲ. ಪಿ.ಬಿ. ರೋಡಿನ ಅಷ್ಟೂ ಹಾರ್ನು ಕಿವ್ಯಾಗ ಒಮ್ಮೆಲೆ ಬಡದಂಗಾತು.

ಮನಿಗೆ ಬಂದು ಕೈಸನ್ನಿಲೆ ಹೇಳಿದೆ, ನಿನಗ ಕೇಳಂಗಿಲ್ಲವಾ, ಅದಕ್ಕ ಬ್ಯಾಡ ಅಂತ. ಆಕಿ ಸನ್ನಿ ಮಾಡಿ ಕೇಳಿದ್ಲು, "ನಿನಗ ಕೇಳತೈತಲ್ಲ, ನೀ ಎಷ್ಟು ಸಲಾ ಬಿದ್ದಿ? ನಾ ಒಮ್ಮೆರ ಬಿದ್ದೇನೇನು?"

ಜಾಥಾದ ದಿನ ಹೊಸಾ ಫ್ರಾಕ್ ತೊಡಿಸಿ, ಹೂ ಮುಡಿಸಿ ಟ್ರ್ಯಾಕ್ಟರಿಗೆ ಹತ್ತಿಸಿದೆ. ಮಂದಿ ಆಕಿನ್ನ ನೋಡಿ "ಪಾಪ" ಅಂದ್ರು, ನನ್ನ ನೋಡಿ "ಶಾಬ್ಬಾಸ್" ಅಂದ್ರು.

ಈಗ ಆಕಿ ಉಣ್ಣತಾಳ, ಸಾಲಿಗೆ ಹೋಗತಾಳ, ಅಜ್ಜಿ ಸಂಗಡ ನಗತಾಳ. ನಾ ಏನರ ಹೇಳಬೇಕಂತ ಕೈ ಎತ್ತಿದೆ ಅಂದ್ರ ಸಾಕು, ಕಣ್ಣು ಮುಚ್ಚಿಕೊಂಡು ಬಿಡತಾಳ.