ಹೆಸರು ಅಳಿಸಿಹೋದ ಫೋನು

ಸದಲಗಾ,
9 ಸೆಪ್ಟೆಂಬರ್ 2017

ಪ್ರೀತಿಯ ಅಣ್ಣಾ, ಜಯ ಜಿನೇಂದ್ರ.

ನಿನ್ನ ಮೊಣಕಾಲು ನೋವು ಹೇಗಿದೆ? ನೋವಿದ್ದರೂ ದಶಲಕ್ಷಣ ಪರ್ವದ ಉಪವಾಸಗಳನ್ನು ಬಿಡಲಿಲ್ಲವಂತೆ, ಗಂಗೂ ಅತ್ತಿಗೆ ನನ್ನ ಮಗಳು ಪ್ರಾಜಕ್ತಾಳಿಗೆ ಹೇಳಿದರು. ಉಗಾರದಲ್ಲಿ ಕಬ್ಬು ಚೆನ್ನಾಗಿ ಎದ್ದಿದೆ ಎಂದೂ ತಿಳಿಯಿತು. ನಾವು ಆರಾಮ ಇದ್ದೇವೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಈಗ ನೀನು ಎತ್ತುತ್ತಿಲ್ಲ, ಎತ್ತದಿರಲು ನಿನಗೆ ಕಾರಣವಿದೆ. ಅದಕ್ಕೇ ಈ ಕಾಗದ.

ಅವ್ವ ತೀರಿಕೊಂಡಾಗ ಬಂದವರೆಲ್ಲರ ಎದುರು ನೀನು, "ಬೀಗರ ಹಂಗ ಬಂದು ಹೋಗಾಕಿ ನೀ, ಅವ್ವನ ಸಂಕಟ ನಿನಗೇನ ಗೊತ್ತ?" ಎಂದೆಯಲ್ಲ, ಅಂದಿನಿಂದ ನಾವಿಬ್ಬರೂ ಮಾತಾಡಿಲ್ಲ. ಆ ಮಾತಿಗೆ ಕ್ಷಮೆ ಕೇಳಬೇಕೆಂದು, ಪರ್ವ ಮುಗಿದು ಎಲ್ಲರೂ ಎಲ್ಲರ ಕ್ಷಮೆ ಕೇಳುವ ಕ್ಷಮಾವಣಿಯ ದಿನ ನೀನೇ ಮತ್ತೆ ಮತ್ತೆ ಫೋನ್ ಮಾಡಿದೆ. ನಾನು ಪ್ರತಿ ಸಲವೂ ಕಟ್ ಮಾಡಿದೆ. ವರ್ಷದಲ್ಲಿ ಆ ಒಂದು ದಿನ ವೈರಿ ಬಂದರೂ ನಮ್ಮವರು ಕೈ ಮುಗಿದು ಒಳಗೆ ಕರೆಯುತ್ತಾರೆ. ತಂಗಿ ಬಾಗಿಲು ಹಾಕಿಕೊಂಡಳು ಎಂದು ನಿನಗೆ ಅನ್ನಿಸಿದರೆ ತಪ್ಪೇನು? ಆದರೆ ನಡೆದದ್ದು ಬೇರೆ.

ಪರ್ವ ಶುರುವಾದ ವಾರ ವಾಟ್ಸಾಪಿನಲ್ಲಿ ಒಂದು ಸಂದೇಶ ಬಂತು. ನೀವು ಹಾಕದ ಆಪ್‌ಗಳು ಫೋನಿನೊಳಗೆ ಕೂತು ನಿಮ್ಮ ಮಾತು ಕೇಳುತ್ತವೆ ಎಂದು. ಸೆಟ್ಟಿಂಗ್ಸ್ ತೆರೆದರೆ ಕಂಡು ಕೇಳದ ಹೆಸರುಗಳ ಉದ್ದ ಸಾಲು, ನಾನು ಮುಟ್ಟದಿದ್ದರೂ ಎಲ್ಲವೂ ಏನೋ ನಡೆಸಿಯೇ ಇದ್ದವು. ಒಂದೊಂದನ್ನೇ ತೆರೆದು ನೋಡಿದೆ. 'ಕಾಂಟ್ಯಾಕ್ಟ್ಸ್ ಸ್ಟೋರೇಜ್' ಎಂದು ಒಂದಿತ್ತು. ಯಾರೋ ನನ್ನವರ ನಂಬರುಗಳನ್ನು ಕೂಡಿಡುತ್ತಿದ್ದಾರೆ ಎಂದುಕೊಂಡೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳಲ್ಲವೇ, ಶಬ್ದ ತಿಳಿದರೆ ವಿಷಯ ತಿಳಿದಂತೆ ಎಂಬ ಧೈರ್ಯ. ಅದರ ಡೇಟಾ ಅಳಿಸಿಬಿಟ್ಟೆ. ಆಮೇಲೆ ನೋಡಿದರೆ ಫೋನಿನಲ್ಲಿ ಒಬ್ಬರ ಹೆಸರೂ ಇಲ್ಲ. ಅದೂ ಆ ಆಪ್‌ಗಳ ಕಳ್ಳತನವೇ ಎಂದು ಇನ್ನಷ್ಟು ಹೆದರಿ, ಹೆಸರಿಲ್ಲದೆ ಬಂದ ಕರೆಗಳನ್ನೆಲ್ಲ ಕಟ್ ಮಾಡತೊಡಗಿದೆ.

ಮೊನ್ನೆ ಪ್ರಾಜಕ್ತಾ ಮಿರಜದ ಹಾಸ್ಟೆಲಿನಿಂದ ಬಂದವಳು ನೋಡಿ ಹೊಟ್ಟೆ ಹಿಡಿದು ನಕ್ಕಳು. "ಮಮ್ಮಿ, ಇವು ಫೋನಿನ ಜೋಡಿನ ಬಂದಾವ. ಇವು ಇದ್ರನ ಫೋನ್ ನಡೀತೈತಿ. ಕಳ್ಳರು ಅಂತ ತಿಳದು ಮನಿಮಂದಿನ್ನ ಹೊರಗ ಹಾಕೀದಿ ನೋಡ!" ಆಮೇಲೆ, ಬಂದ ಕರೆಗಳ ಪಟ್ಟಿಯ ಮೇಲೆ ಬೆರಳಾಡಿಸಿ ಒಂದು ನಂಬರಿನ ಮೇಲೆ ನಿಲ್ಲಿಸಿದಳು. "ಇದು ಮಾಮಾನ ನಂಬರ್ ಅಲ್ಲೇನ?" ಅರ್ಥವಾಗದ್ದನ್ನೆಲ್ಲ ಮೊದಲು ಅನುಮಾನಿಸುವ ಈ ಸ್ವಭಾವ ನನಗೆ ಎಲ್ಲಿಂದ ಬಂತೋ!

ಅತ್ತಿಗೆಗೆ ನನ್ನ ನಮಸ್ಕಾರ, ನಿನ್ನ ಮಗ ಮಹಾವೀರನಿಗೆ ಅತ್ತೆಯ ಆಶೀರ್ವಾದ. ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊ.

ನಿನ್ನ ತಂಗಿ,
ತ್ರಿಶಲಾ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಮೇಲಿನದನ್ನು ಪ್ರಾಜಕ್ತಾ ಓದಿದ್ದಾಳೆ, ಇದನ್ನು ಓದಿಲ್ಲ. ಬೆಳಗಿನ ಕರೆಗಳನ್ನು ನಂಬರು ನೋಡದೆ ಕಟ್ ಮಾಡಿದ್ದು ನಿಜ. ಸಂಜೆ, ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂತಾಗ ಬಂದದ್ದನ್ನು ನೋಡಿದೆ. ನಿನ್ನ ನಂಬರು ನನಗೆ ಬಾಯಿಪಾಠ, ಅಣ್ಣಾ. ನೀನೇ ಎಂದು ಗೊತ್ತಿದ್ದೇ ಕಟ್ ಮಾಡಿದೆ. ನಾನು ಕ್ಷಮೆ ಕೇಳುತ್ತಿರುವುದು ಅದಕ್ಕೆ.