ಒಂದು ಗಂಟೆಯ ವಿಮಾನ, ಹನ್ನೊಂದು ಗಂಟೆಯ ಗಂಡ

ಭಾನುವಾರ, ಮಧ್ಯಾಹ್ನ

ಟವರ್ ಸಾಹೇಬರಿಗೆ,

ಹೊಟ್ಟೆಯ ತುಂಬ ಸಿಟ್ಟಿದೆ, ಮಗುವಿಗೆ ಜಾಗ ಸಾಲದಷ್ಟು. ಫೋನಿನಲ್ಲೇ ಬೈಯಬಹುದಿತ್ತು. ಆದರೆ ಮಾತು ಬಿಗಿಯಾದ ತಕ್ಷಣ ನಿಮಗೆ ಸಿಗ್ನಲ್ ಹೋಗಿಬಿಡುತ್ತದೆ, ಅದೂ ಮೊಬೈಲ್ ಟವರ್ ರಿಪೇರಿ ಮಾಡುವವರಿಗೆ! ಅದಕ್ಕೇ ಈ ಕಾಗದ. ನಾಳೆ ಆ ಕಡೆ ಹೊರಟ ಗೆಳತಿಯ ಕೈಯಲ್ಲಿ ಕೊಡುತ್ತೇನೆ. ವಿಮಾನದಲ್ಲೇ ಬರುತ್ತದೆ, ಕಾಗದಕ್ಕೆ ಭಯವಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಆಪರೇಷನ್ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಮಗು ಅಡ್ಡ ಮಲಗಿದೆ, ತಿರುಗುವ ಲಕ್ಷಣವೇ ಇಲ್ಲ. ನಿಮ್ಮದೇ ಹಟ. ನೀವೋ, "ಅದೇ ದಿನ ಬೆಳಗಿನ ವಿಮಾನ ಹತ್ತಿದ್ರೆ ಆಯ್ತು, ಒಂದೇ ಗಂಟೆ ದಾರಿ ಕಣೇ" ಎಂದಿರಿ. ರಸ್ತೆಯಲ್ಲಿ ಐನೂರೆಂಬತ್ತು ಕಿಲೋಮೀಟರು, ಬಸ್ಸಿಗೆ ಹನ್ನೊಂದು ಗಂಟೆ, ಹಿಂದಿನ ದಿನವೇ ಹೊರಡಿ ಎಂದರೆ, ಬಸ್ಸು ಯಾರಿಗೆ ಬೇಕು ಎಂದು ನಕ್ಕಿರಿ.

ರೀ, ಯಾರ ಕಿವಿಗೆ ಹೂ ಇಡುತ್ತಿದ್ದೀರಿ? ನಾನು ಇಲ್ಲಿಗೆ ವರ್ಗವಾಗಿ ಬಂದ ಮೇಲೆ ನೀವು ಬಂದಾಗಲೆಲ್ಲ ಆ ಒಂದು ಗಂಟೆಯ ದಾರಿಗೆ ಇಡೀ ದಿನ ಹಿಡಿದಿದೆ. ಸ್ಕ್ಯಾನಿಂಗ್ ದಿನ ನಿಮ್ಮ ವಿಮಾನದ ಬ್ಯಾಗುಗಳೆಲ್ಲ ಹೋಗಿ ಬೆಲ್ಟು ಖಾಲಿಯಾಗುವವರೆಗೂ ನಿಂತಿದ್ದೆ. ಆಮೇಲೆ ಒಬ್ಬಳೇ ಆಸ್ಪತ್ರೆಗೆ ಹೋದೆ. ಸಂಜೆ ಮನೆಗೆ ಬಂದವರು ಬ್ಯಾಗು ಸಿಗುವುದು ತಡವಾಯಿತು ಎಂದಿರಿ. ವಿಮಾನ ನಿಲ್ದಾಣದಲ್ಲಿ ಕಳೆದುಹೋದ ಬ್ಯಾಗು ಹುಡುಕಿಕೊಡುವುದೇ ಕೆಲಸವಾದ ಹೆಂಡತಿಯ ಮುಂದೆ ಹೇಳುವ ಸುಳ್ಳೇ ಅದು? ನಿಮ್ಮ ಬ್ಯಾಗಿನ ಹಿಡಿಗೆ ನಾವು ಅಂಟಿಸುವ ಚೀಟಿಯೇ ಇರಲಿಲ್ಲ. ಮೈತುಂಬ ಧೂಳು.

ದಾರಿಯಲ್ಲಿ ಇನ್ನೊಂದು ಸಂಸಾರ ಇದ್ದರೂ ಇದ್ದೀತು ಎಂದಳು ಅಮ್ಮ. ನನಗೆ ಎರಡು ದಿನ ಊಟ ಸೇರಲಿಲ್ಲ. ಕೊನೆಗೆ ನಿಮ್ಮ ಜೊತೆ ಕೆಲಸ ಮಾಡುವ ಗಡ್ಡದವನಿಗೆ ಫೋನ್ ಮಾಡಿ ಜಾಡಿಸಿದೆ. "ಅತ್ತಿಗೆ, ಅವನು ಏರ್‌ಪೋರ್ಟ್ ಬಾಗಿಲವರೆಗೂ ಹೋಗ್ತಾನೆ, ಹೆದರಿ ವಾಪಸ್ ಬಂದು ಬಸ್ ಹತ್ತುತ್ತಾನೆ" ಎಂದು ಎಲ್ಲ ಬಾಯಿಬಿಟ್ಟ.

ಟವರಿನ ತುದಿಯಲ್ಲಿ ಕೂತು ಊಟದ ಡಬ್ಬಿ ಬಿಚ್ಚುವ ಮನುಷ್ಯನಿಗೆ ವಿಮಾನವೆಂದರೆ ಭಯವೇ! ನಗಬೇಕೋ, ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಭಯವಿದ್ದರೆ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಶುಕ್ರವಾರವೂ ಬಾಗಿಲಿಂದ ತಿರುಗಿ ಬಸ್ಸು ಹತ್ತಿದಿರೋ, ನೀವು ಅರ್ಧ ದಾರಿಗೆ ಬರುವಷ್ಟರಲ್ಲಿ ನನ್ನನ್ನು ಒಳಗೆ ಕರೆದೊಯ್ದಿರುತ್ತಾರೆ. ನನಗೂ ಹೆದರಿಕೆಯಾಗಿದೆ ರೀ. ಅಮ್ಮ ಕೈ ಹಿಡಿದರೆ ಹೋಗುವ ಹೆದರಿಕೆಯಲ್ಲ ಇದು. ನೀವು ಬೇಕು. ಹನ್ನೊಂದು ಗಂಟೆಯಾದರೆ ಆಗಲಿ, ಬುಧವಾರ ಬೆಳಿಗ್ಗೆಯೇ ಬಸ್ಸು ಹತ್ತಿ.

ಇಷ್ಟು ಬೈದರೂ ಸಿಟ್ಟಿಳಿಯದ
ನಿಮ್ಮವಳು

ವಿ. ಸೂ.: ಗಡ್ಡದವನು ಹೇಳಿದ್ದನ್ನು ಅಮ್ಮನಿಗೆ ತಿಳಿಸಿಲ್ಲ. ಅವಳು ಅನುಮಾನ ಪಟ್ಟಾಗಲೆಲ್ಲ ವಿಮಾನ ತಡ, ನಾನೇ ಕಣ್ಣಾರೆ ಕಂಡೆ ಎಂದು ಅವಳ ಬಾಯಿ ಮುಚ್ಚಿಸಿದವಳು ನಾನೇ. ನೀವು ಶುಕ್ರವಾರ ಹಾರಿ ಬರುತ್ತೀರಿ ಎಂದು ಈಗಲೂ ನಂಬಿದ್ದಾಳೆ. ಬುಧವಾರ ಸಂಜೆಯೇ ಧೂಳು ಮೆತ್ತಿಕೊಂಡು ಬಂದು ನಿಂತಾಗ ಅವಳು ಕೇಳಿದರೆ, ವಿಮಾನ ಬೇಗ ಬಂತು ಎನ್ನಿ. ನಾನು ಹೌದು ಎನ್ನುತ್ತೇನೆ.