ಎಸಿ ರೂಮಿನ ಕಂಬಳಿ

ಮೇ 4, ಭಾನುವಾರ, ಮಧ್ಯಾಹ್ನ 2

ತಿರುಮಣಿಯಲ್ಲಿ ಹೊರಗೆ ಕಾಲಿಡುವಂತಿಲ್ಲ. ಊಟ ಮುಗಿದದ್ದೇ ಎಲ್ಲರೂ ಎಸಿ ರೂಮಿಗೆ. ಬಾಗಿಲು ಭದ್ರ. ನನ್ನ ಗಂಡ ಎನಿಸಿಕೊಂಡ ಯೋಗೀಶನ ಗೊರಕೆ ಶುರು.

ಅತ್ತೆ ಇವತ್ತು ತಮ್ಮ ಕರಿ ಕಂಬಳಿ ನನ್ನ ಕೈಗೆ ಕೊಟ್ಟರು — ಮದುವೆಯಾಗಿ ನಾಲ್ಕು ವರ್ಷಕ್ಕೆ ಮೊದಲ ಸಲ. ಮಾವನ ತಾಯಿ ನೂತ ಉಣ್ಣೆಯದು. 16ಕ್ಕೆ ನಾದಿನಿ ದಿವ್ಯಳ ನಿಶ್ಚಿತಾರ್ಥ, ಹಿರಿಯರು ಕೂರುವ ಗದ್ದಿಗೆಗೆ ಹಾಸುವುದು ಇದನ್ನೇ. ಜೋಪಾನ ಎಂದರು. ಧೂಳು, ಹುಳ ಬರದ ಜಾಗ ಎಂದರೆ ಎಸಿ ರೂಮಿನ ಗೋಡೆ ಬೀರು. ಅಲ್ಲೇ ಇಟ್ಟೆ. ಬಹಳ ಜಾಣೆ ನಾನು.

ಮೇ 11

ರೂಮಿನಲ್ಲಿ ಮುಗ್ಗಲು ವಾಸನೆ. ಯೋಗೀಶನ ಸಾಕ್ಸ್ ಎಂದು ತೀರ್ಮಾನಿಸಿ ರೇಗಿದೆ. ಪಾಪ, ಐದು ಜೊತೆ ತಾನೇ ಒಗೆದು ಹಾಕಿದ. ವಾಸನೆ ಹೋಗಲಿಲ್ಲ.

ಮೇ 12, ಬೆಳಿಗ್ಗೆ

ಬೀರು ತೆಗೆದೆ... ಕಂಬಳಿಯ ಮೇಲೆಲ್ಲ ಬಿಳಿ ಬೂಷ್ಟು. ಹಿಂದಿನ ಗೋಡೆ ಮುಟ್ಟಿದರೆ ಒದ್ದೆ. ಮಳೆಯಿಲ್ಲ, ಮೋಡವಿಲ್ಲ, ಈ ಬಿಸಿಲೂರಿನಲ್ಲಿ ಬೂಷ್ಟು! ಅತ್ತೆ ನಂಬಿ ಕೊಟ್ಟ ಒಂದೇ ವಸ್ತು. ಇನ್ನು ನಾಲ್ಕು ದಿನ. ಹೇಳಲು ಧೈರ್ಯ ಬರಲಿಲ್ಲ. ಅಳುವುದನ್ನು ಬಾತ್‌ರೂಮಿನಲ್ಲಿ ಮುಗಿಸಿಕೊಂಡು ಬಂದೆ.

ಮೇ 13

ಬ್ಲೌಸ್ ನೆಪ ಹೇಳಿ ಅತ್ತೆಯನ್ನೂ ದಿವ್ಯಳನ್ನೂ ಪಾವಗಡದ ಬಸ್ ಹತ್ತಿಸಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ತಾರಸಿಯಲ್ಲಿ ಕಂಬಳಿ ಕೊಡವಿ, ಬ್ರಶ್ ಹಾಕಿ ಉಜ್ಜಿ, ಬಿಸಿಲಿಗೆ ಹರವಿದೆ. ಅತ್ತೆಗೆ ಮಂಡಿನೋವು, ಮೇಲೆ ಹತ್ತುವುದಿಲ್ಲ, ಪುಣ್ಯ. ಗೋಡೆಗೆ ಸೋಪುನೀರು — ಯೋಗೀಶನ ಪಾಲು.

ಎಸಿ ಮೆಕ್ಯಾನಿಕ್ ಅನಿಲ್ ಕುಮಾರ್ ಅರ್ಧ ಗಂಟೆ ಒಳಗೆ ಹುಡುಕಿ, ಆಮೇಲೆ ಹಿತ್ತಲಿಗೆ ಹೋಗಿ ನಗತೊಡಗಿದ. ಎಸಿ ನೀರಿನ ಪೈಪು ಅಲ್ಲಿಟ್ಟಿದ್ದ ಬಿಂದಿಗೆಯ ತಳದವರೆಗೆ ಇಳಿದಿದೆ, ಬಾಯಿಗೆ ಬಟ್ಟೆ ಬೇರೆ ಕಟ್ಟಿದೆ.

"ತುದಿ ನೀರಲ್ಲಿ ಮುಳುಗೈತೆ ಅಕ್ಕ. ಇಳಿಯಕ್ಕೆ ದಾರಿ ಇಲ್ದೆ ನೀರು ವಾಪಸ್ ನಿಮ್ ಗೋಡೆಗೇ ಹೋಗೈತೆ."

ಬಿಂದಿಗೆ ಅತ್ತೆಯದು. ಅವರ ಕನಕಾಂಬರಕ್ಕೆ ನೀರು. ನಿಜ ಬರೆಯುತ್ತೇನೆ — ಕುಣಿಯುವಷ್ಟು ಖುಷಿಯಾಯಿತು. ಬೈದರೆ ತಿರುಗಿಸಿ ಹೇಳಲು ಮಾತು ಸಿಕ್ಕಿತು. ಪೈಪನ್ನು ಬಿಂದಿಗೆಯಿಂದ ಮೇಲೆತ್ತಿ ಕಟ್ಟಿಸಿದೆ.

ಮೇ 15, ಸಂಜೆ

ಮೂರು ದಿನದ ಬಿಸಿಲಿಗೆ ಬೂಷ್ಟು ಹೋಯಿತು. ಒಂದು ಮೂಲೆಯಲ್ಲಿ ಅಂಗೈಯಗಲ ಕಲೆ, ಚೂರು ವಾಸನೆ. ಅತ್ತೆ ಕಂಬಳಿ ಕೇಳಿದರು. ಕಲೆ ಒಳಗೆ ಬರುವಂತೆ ಮಡಿಸಿ ಕೊಟ್ಟೆ. ಬಿಚ್ಚಿಯೂ ನೋಡದೆ ಒಳಗಿಟ್ಟುಕೊಂಡರು.

ಮೇ 16, ಸಂಜೆ 6

ಹುಡುಗನ ತಾತ ಸಣ್ಣರಂಗಯ್ಯ, ಶಿರಾ ಕಡೆಯವರು, ಈಗಲೂ ಕುರಿ ಕಾಯುವವರು. ಕೂತವರೇ ಕಂಬಳಿಯ ಮೂಲೆ ಎತ್ತಿ ಮೂಸಿದರು. ಕಲೆಯಿದ್ದ ಮೂಲೆಯನ್ನೇ. ಯಾರು ಇದನ್ನು ಜೋಪಾನ ಮಾಡಿದ್ದು ಎಂದು ಕೇಳಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅತ್ತೆ ಮುಂದೆ ಬಂದರು.

"ನೀರು ಪೋಲಾಗ್ಬಾರ್ದು ಅಂತ ಎಸಿ ಪೈಪ್ನ ನಾನೇ ಬಿಂದ್ಗೆಗೆ ತುರುಕಿದ್ದೆ. ಗೋಡೆ ನೆಂದು ಬೂಷ್ಟು ಬಂದ್ಬುಡ್ತು. ನನ್ ಸೊಸೆ ಮೂರು ದಿನ ಬಿಸ್ಲಲ್ಲಿ ನಿಂತು ಉಳಿಸ್ಕೊಂಡ್ಲು."

ಪೈಪು ಮೇಲೆತ್ತಿದ್ದು ಕಂಡ ದಿನವೇ ಅನಿಲ್ ಕುಮಾರ್‌ಗೆ ಫೋನ್ ಮಾಡಿ ಕೇಳಿದ್ದರಂತೆ; ತಾರಸಿಯ ಕಂಬಳಿಯ ಸುದ್ದಿಯೂ ಅವನಿಂದಲೇ ಸಿಕ್ಕಿತಂತೆ. ಗೊತ್ತಿದ್ದೂ ಸುಮ್ಮನಿದ್ದರು, ನನ್ನ ಹಾಗೇ.

ತಾತ ನಕ್ಕು ಎಲೆ ಅಡಿಕೆ ತೆಗೆದುಕೊಂಡರು. "ಎಸಿ ನೀರ್ನೂ ಬುಡ್ದಿರೋ ಮನೆ ಹೆಣ್ಣು. ನಮ್ ಬೋರ್‌ವೆಲ್ ಬದುಕ್ತು ಬುಡು."

ಅತ್ತೆಯ ಮೇಲೆ ಆಡಲು ಕಾಯ್ದಿಟ್ಟಿದ್ದ ಮಾತನ್ನು ಅತ್ತೆಯೇ ನನ್ನ ಪರವಾಗಿ ಆಡಿದರು. ನಾಚಿಕೆಯಾಯಿತು. ಅವರ ಮೇಲೆ ಪ್ರೀತಿಯೂ ಉಕ್ಕಿತು.

ಕಂಬಳಿ ಮತ್ತೆ ನನ್ನ ಕೈಗೇ ಬಂತು. ಎಸಿ ರೂಮಿನ ಕಿಟಕಿ ದಿನಾ ಒಂದು ಗಂಟೆ ತೆಗೆಯಬೇಕು, ಮನೆಯ ಹೊಸ ಕಾನೂನು.

ಹಿತ್ತಲಿನಿಂದ ಅತ್ತೆ ಕರೆಯುತ್ತಿದ್ದಾರೆ. "ಯಶೋದಾ, ಬಾ ಇಲ್ಲಿ. ಈ ಸಲ ತುದಿ ಮುಳುಗ್ದಂಗೆ ನೀನೇ ಕಟ್ಟು ಕಣಮ್ಮ." ಬಿಂದಿಗೆ ಸಾಲದಂತೆ. ಡ್ರಮ್ಮು ಉರುಳಿಸಿಕೊಂಡು ಬರುವ ಸದ್ದು. ಹೋಗಿ ಹಿಡಿಯದಿದ್ದರೆ ಅವರ ಮಂಡಿ...